ಕಡೆಯ ಅಧ್ಯಾಯದ ತೆರಬಂಡಿ

ಭೀಮಶಿ ಬೀದಿಗೆ ಬಂದದ್ದು ಕೋಟು ತೊಟ್ಟ ಒಬ್ಬ ಮನುಷ್ಯನಿಂದ. ಆತ ಯಾರೆಂದು ಭೀಮಶಿಗೆ ಗೊತ್ತಿರಲಿಲ್ಲ. ಭೀಮಶಿ ಎಂಬುವನೊಬ್ಬ ಸಂಶಿಯಲ್ಲಿ ಇದ್ದಾನೆಂದು ಆತನಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಮೊಬೈಲಿನಲ್ಲಿ ತಾನಾಗಿಯೇ ಎದ್ದು ಬಂದ ಆತ, ಬೆರಳನ್ನು ಸೀದಾ ಭೀಮಶಿಯ ಮೂಗಿಗೆ ಗುರಿಯಿಟ್ಟು ಹೇಳಿದ: "ನಿಮ್ಮ ಗುರಿಯನ್ನು ಗುಟ್ಟಾಗಿ ಇಡಬೇಡಿ ಗೆಳೆಯರೇ. ಹತ್ತು ಜನಕ್ಕೆ ಹೇಳಿ. ಆಮೇಲೆ ನಿಮ್ಮನ್ನು ತಡೆಯುವುದು ಯಾರಿಂದಲೂ ಆಗುವುದಿಲ್ಲ."

ಮಾತು ಸುಳ್ಳಾಗಲಿಲ್ಲ. ಅದೇ ದಿನ ಸಂಜೆ ಭೀಮಶಿಯನ್ನು ತಡೆಯುವುದು ಇಡೀ ಸಂಶಿಯಲ್ಲಿ ಯಾರಿಂದಲೂ ಆಗಲಿಲ್ಲ.

ಭೀಮಶಿ ಪಿಎಚ್.ಡಿ. ಮಾಡುತ್ತಿದ್ದ. ಯಾವಾಗಿನಿಂದ ಎಂದು ಕೇಳಬಾರದು. ಅವನು ಹೆಸರು ನೋಂದಾಯಿಸಿದ ವರ್ಷ ಮನೆಯ ಮುಂದೆ ನೆಟ್ಟ ಬೇವಿನ ಸಸಿಯ ನೆರಳಿನಲ್ಲಿ ಈಗ ಎರಡು ಟ್ರ್ಯಾಕ್ಟರು ನಿಲ್ಲುತ್ತಿದ್ದವು. ವಿಷಯ ತೆರಬಂಡಿ ಪಂದ್ಯ. ಬಂಡಿಯ ಗಾಲಿ ಉರುಳದಂತೆ ಹಗ್ಗದಿಂದ ಬಿಗಿದು, ಮೇಲೆ ಕಲ್ಲು ಹೇರಿ, ಗೊತ್ತು ಮಾಡಿದ ಹೊತ್ತಿನೊಳಗೆ ಒಂದು ಜೋಡಿ ಎತ್ತು ಅದನ್ನು ಎಷ್ಟು ದೂರ ಎಳೆದೊಯ್ಯುತ್ತದೆ ಎಂದು ನೋಡುವ ಪಂದ್ಯವದು. ಆಗ ಎತ್ತುಗಳಿಗೆ ಹುರುಪು ತುಂಬಲು ಗಂಡಸರು ಹಾಕುವ ಕೂಗುಗಳ ಮೇಲೆ ಭೀಮಶಿ ಆರು ಅಧ್ಯಾಯ ಬರೆದಿದ್ದ. ಅವುಗಳ ಭಾರಕ್ಕೆ ಗೋಡೆಯ ಕಪಾಟು ಒಮ್ಮೆ ಕಳಚಿ ಬಿದ್ದು, ಮೂರು ಮನೆಯಾಚೆ ಮಲಗಿದ್ದ ಮುದುಕಿ ಭೂಕಂಪವೆಂದು ಎದ್ದು ಹೊರಗೆ ಓಡಿ ಬಂದಿದ್ದಳು.

ಉಳಿದದ್ದು ಏಳನೆಯದು, ಸಮಾರೋಪ. ಅದರಲ್ಲಿ ಹೇಳಬೇಕಾದದ್ದೂ ಗೊತ್ತಿತ್ತು: "ಈ ಕೂಗು ಎತ್ತಿಗೆ ಮಾತ್ರ ತಾಕುತ್ತದೆ, ಮನುಷ್ಯನ ಮೇಲೆ ಇದರ ಪರಿಣಾಮ ಸೊನ್ನೆ." ಇಷ್ಟನ್ನು ಒಂದಷ್ಟು ಪುಟಕ್ಕೆ ಹಿಗ್ಗಿಸಿದರೆ ಮುಗಿಯಿತು. ಆದರೆ ಬರೆಯಲು ಸ್ಫೂರ್ತಿ ಬೇಕಲ್ಲ.

ಸ್ಫೂರ್ತಿಗಾಗಿ ಅವನು ಮಾಡದ ಕೆಲಸವಿಲ್ಲ. ಕುರ್ಚಿಯನ್ನು ಪೂರ್ವಕ್ಕೆ ತಿರುಗಿಸಿದ. ಸೂರ್ಯ ಕಣ್ಣಿಗೆ ಹೊಡೆದ. ಪಶ್ಚಿಮಕ್ಕೆ ತಿರುಗಿಸಿದ; ಗೋಡೆಯ ಕ್ಯಾಲೆಂಡರ್ ಕಂಡಿತು, ತಾರೀಖು ನೋಡಿ ಜ್ವರ ಬಂತು. ನಸುಕಿನಲ್ಲೆದ್ದು ಕೆರೆಯ ದಂಡೆಗೆ ತಿರುಗಾಡಲು ಹೋದ, ಅಲ್ಲಿ ನೀರಿಗಿಳಿದ ಎಮ್ಮೆಗಳು ಕೂಡ ತಲೆಯೆತ್ತಿ "ಎಲ್ಲಿಗೆ ಬಂತು?" ಎಂದು ಕೇಳುವ ಮುಖ ಮಾಡಿದವು. ಕೊನೆಗೆ, ಮಹಾಪ್ರಬಂಧಕ್ಕೆ ಮಹಾಮೇಜು ಬೇಕೆಂದು, ಮುಚ್ಚಿಹೋದ ಯಾವುದೋ ಸಂಘದ ಸಾಗವಾನಿ ಮೇಜು ತಂದ. ಅದನ್ನು ಒಳಗಿಡಲು ಓಣಿಯ ಗಂಡಸರೆಲ್ಲ ಹೆಗಲು ಕೊಟ್ಟರು. ಅವರಲ್ಲಿ ಇಬ್ಬರು ಇಂದಿಗೂ ಸೊಂಟದ ಮೇಲೆ ಕೈಯಿಟ್ಟುಕೊಂಡೇ ನಡೆಯುತ್ತಾರೆ. ಆ ಮೇಜಿನ ಮೇಲೆ ಭೀಮಶಿ ತಲೆಯಿಟ್ಟು ಚೆನ್ನಾಗಿ ನಿದ್ದೆ ಮಾಡುತ್ತಿದ್ದ.

ಹೀಗಿರುವಾಗ ಅವನ ಮಾರ್ಗದರ್ಶಕಿ ನಾಗರತ್ನಾ ಮೇಡಂ ಧಾರವಾಡದಿಂದ ಫೋನು ಮಾಡಿದರು.

"ಭೀಮಶಿ ಅವರ, ನಾಳೆ ನಾನು ಲಕ್ಷ್ಮೇಶ್ವರಕ್ಕ ಸೆಮಿನಾರಿಗೆ ಹೊಂಟೇನಿ. ತಿರುಗಿ ಬರೂ ಮುಂದ ಐದು ಗಂಟೇಕ ನಿಮ್ಮೂರ ಬಸ್‌ಸ್ಟ್ಯಾಂಡಿನಾಗ ಕಾರ್ ನಿಲ್ಲಸ್ತೇನಿ. ಕಡೀ ಅಧ್ಯಾಯ ತೋರಸ್ರಿ, ಅಲ್ಲೇ ಓದಿ ಸಹಿ ಹಾಕ್ತೇನಿ. ಇಲ್ಲಾಂದ್ರ ನೋಂದಣಿ ರದ್ದು. ನನ್ನ ಕೈಯಾಗ ಇನ್ನೇನೂ ಉಳದಿಲ್ರಿ."

ಈ ಸುದ್ದಿ ಹೇಗೋ ನವಲಗುಂದ ಮುಟ್ಟಿತು. ಅಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಸೋದರಮಾವ ಭರಮಪ್ಪ ಬೆಳಗಿನ ಮೊದಲ ಬಸ್ಸಿಗೇ ಸಂಶಿಗೆ ಬಂದಿಳಿದ. ಬಂದವನೇ ಜೇಬಿನಿಂದ ಅಂಗಡಿಯ ಚಾವಿ ತೆಗೆದು ಭೀಮಶಿಯ ಕಣ್ಣೆದುರಿನ ಮೊಳೆಗೆ ನೇತುಹಾಕಿದ.

"ನೋಡು ಅಳಿಯಾ, ಮಾತು ಒಂದ. ಸಂಜಿಕ ಮೇಡಮ್ಮನ ಸಹಿ ಬಿತ್ತು ಅಂದ್ರ ನೀ ಡಾಕ್ಟರ್. ಬೀಳಲಿಲ್ಲ ಅಂದ್ರ ನಾಳಿಂದ ನನ್ನ ಅಂಗಡ್ಯಾಗ ಯೂರಿಯಾ ಚೀಲದ ಬಾಜು ಕುಂದರತಿ."

ಭೀಮಶಿಗೆ ಯೂರಿಯಾ ವಾಸನೆ ಆಗಲೇ ಮೂಗಿಗೆ ಬಡಿಯಿತು. ಅದೇ ಗಳಿಗೆಯಲ್ಲಿ ಮೊಬೈಲಿನೊಳಗಿಂದ ಕೋಟು ತೊಟ್ಟ ಮನುಷ್ಯ ಎದ್ದು ಬಂದದ್ದು.

ಹತ್ತು ಜನಕ್ಕೆ ಹೇಳಬೇಕೆಂದರೆ ಹತ್ತು ಮನೆ ತಿರುಗಬೇಕು. ಅಷ್ಟು ಹುರುಪಿದ್ದರೆ ಅಧ್ಯಾಯವೇ ಮುಗಿಯುತ್ತಿತ್ತು. ಆದ್ದರಿಂದ ಭೀಮಶಿ ಊರಿನ ವಾಟ್ಸಾಪ್ ಗುಂಪಿಗೆ ಮಾತಿನ ಸಂದೇಶ ಕಳಿಸಿದ: "ಎಲ್ಲಾ ಹಿರ್ಯಾರಿಗೂ ನಮಸ್ಕಾರ್ರಿ. ನನ್ನ ಕಡೀ ಅಧ್ಯಾಯ ನಿಂತಬಿಟ್ಟೈತಿ. ಅಗದಿ ಭಾರ ಆಗೇತಿ. ಇವತ್ತ ಸಂಜಿ ಐದರೊಳಗ ಮುಗಸಬೇಕು. ನಾ ನಿಂತೆ ಅಂದ್ರ ಯಾರರ ಒಂಚೂರು ಹುರುಪು ಕೊಡ್ರಿ."

ಬಾಷಾಸಾಬನ ಚಹಾದ ಅಂಗಡಿಯಲ್ಲಿ ಕೂತು ಈ ಸಂದೇಶ ಕೇಳಿದ್ದು ಮಡಿವಾಳೆಪ್ಪ. ತೆರಬಂಡಿಯ ಕೂಗಿನಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನು ಸಂಶಿಯಲ್ಲಿ ಕೂಗಿದರೆ ಕುಂದಗೋಳದಲ್ಲಿ ಮಲಗಿದ ಎತ್ತು ಎದ್ದು ನಿಲ್ಲುತ್ತದೆ ಎಂದು ಊರವರು ಹೇಳುತ್ತಿದ್ದರು. ಕುಂದಗೋಳವಲ್ಲ, ಹುಬ್ಬಳ್ಳಿ ಎಂದು ಅವನೇ ತಿದ್ದುತ್ತಿದ್ದ. ಭೀಮಶಿಯ ಆರೂ ಅಧ್ಯಾಯಗಳಿಗೆ ಮಾಹಿತಿ ಕೊಟ್ಟವನು ಅವನೇ.

ಮಡಿವಾಳೆಪ್ಪ ಸಂದೇಶವನ್ನು ಎರಡನೆಯ ಸಲ ಕೇಳಿ, ಕಪ್ಪುಬಸಿ ಕೆಳಗಿಟ್ಟ.

"ಬಾಷಾ, ಕೇಳಿದೇನ? ಭಾರ ಐತಿ. ಹೊತ್ತು ಕಟ್ಯಾರ. ನಿಂತಬಿಟ್ಟೈತಿ. ಇದಕ್ಕ ಏನಂತಾರ?"

"ತೆರಬಂಡಿ ಅಂತಾರ ಕಾಕಾ," ಎಂದ ಬಾಷಾಸಾಬ. ಪಂದ್ಯಗಳಲ್ಲಿ ಮೈಕು ಹಿಡಿದು ವರ್ಣನೆ ಹೇಳುವವನು ಅವನು. ಅಂಥ ವಿಷಯದಲ್ಲಿ ತಪ್ಪುವವನಲ್ಲ.

"ಮತ್ತ ಇಲ್ಲಿ ಕುಂತ ಏನ್ ಮಾಡಾಕತ್ತೇವಿ? ಮೈಕ್ ತಗೋ. ಹೋಗೂಣು."

ಭೀಮಶಿಯ ತಾಯಿ ಮಲ್ಲಕ್ಕ ಬಾಗಿಲು ತೆಗೆದಾಗ ಅಂಗಳದಲ್ಲಿ ಮಡಿವಾಳೆಪ್ಪ ನಿಂತಿದ್ದ. ಒಂದು ಕೈಯಲ್ಲಿ ಬೇಯಿಸಿದ ಹುರುಳಿಯ ಬುಟ್ಟಿ, ಇನ್ನೊಂದರಲ್ಲಿ ಎಣ್ಣೆಯ ಗಿಂಡಿ. ಹಿಂದೆ ಮೈಕಿನ ಪೆಟ್ಟಿಗೆ ಹೊತ್ತ ಬಾಷಾಸಾಬ, ಅವನ ಹಿಂದೆ ಹಲಗೆ ಬಾರಿಸುವ ಹೊಳೆಯಪ್ಪ, ಅವನ ಹಿಂದೆ, ದೃಷ್ಟಿ ಹೋಗುವಷ್ಟು ದೂರ, ಸಂಶಿ.

"ಮಲ್ಲಕ್ಕಾ, ಮುಂಜಾನೆ ಏನ್ ತಿನಿಸೀದಿ ಮಗಗ?"

"ಉಪ್ಪಿಟ್ಟು ಯಣ್ಣಾ."

"ಉಪ್ಪಿಟ್ಟು! ಪಂದ್ಯದ ದಿನ ಉಪ್ಪಿಟ್ಟು ತಿನ್ನಸ್ತಾರೇನ ಬೇ? ಹೊಟ್ಟಿ ಭಾರ ಆತಂದ್ರ ಕಾಲು ಏಳತಾವೇನು? ತಗೋ, ಈ ಹುರಳಿ ತಿನ್ನಸು, ಮ್ಯಾಲ ಬೆಲ್ಲ. ಆಮ್ಯಾಲ ಎಣ್ಣಿ ತಿಕ್ಕೂಣು."

"ಕಾಕಾ, ನಾ ಬರಿಯಾಕ ಕುಂತೇನಿ!" ಎಂದು ಭೀಮಶಿ ಒಳಗಿನಿಂದ ಕೂಗಿದ.

"ಕುಂತಿ ಅಂತ ಗೊತ್ತೈತಿ. ಅದಕ್ಕ ಬಂದೇವಿ."

ಎಣ್ಣೆ ಎಲ್ಲಿ ತಿಕ್ಕಬೇಕೆಂಬುದರ ಬಗ್ಗೆ ಪಡಸಾಲೆಯಲ್ಲಿ ಗಂಭೀರ ಚರ್ಚೆ ನಡೆಯಿತು. ಎತ್ತು ಎಳೆಯುವುದು ಹೆಗಲಿನಿಂದ, ಆದ್ದರಿಂದ ಹೆಗಲಿಗೇ ಎಂದು ಮಡಿವಾಳೆಪ್ಪ. ಬರೆಯುವುದು ಬೆರಳಿನಿಂದ ಎಂದು ಬಾಷಾಸಾಬ. ಇಷ್ಟು ವರ್ಷ ಇವನು ಪಿಎಚ್.ಡಿ. ಮಾಡಿದ್ದು ಕೂತ ಜಾಗದಿಂದ ಎಂದು ಭರಮಪ್ಪ ಮಾವ. ಕೊನೆಗೆ ಯಾರ ಮನಸ್ಸಿಗೂ ನೋವಾಗದಂತೆ ಎಲ್ಲ ಕಡೆಗೂ ತಿಕ್ಕಿದರು. ಭೀಮಶಿ ಕರಿದ ಹಪ್ಪಳದಂತೆ ಮಿಂಚತೊಡಗಿದ. ಕೀಲಿಮಣೆಯ ಮೇಲೆ ಬೆರಳಿಟ್ಟರೆ ಬೆರಳು ಜಾರಿ ಇನ್ನೊಂದು ಅಕ್ಷರಕ್ಕೆ ಹೋಗುತ್ತಿತ್ತು.

"ಮನ್ಯಾಗ ತೆರಬಂಡಿ ನಡಸಿದ್ದು ಯಾವೂರಾಗರ ನೋಡೀಯೇನು?" ಎಂದು ಮಡಿವಾಳೆಪ್ಪ ಮೇಜನ್ನು ಬೀದಿಗೆ ಎತ್ತಿಸಿದ. ಸೊಂಟ ಹಿಡಿದುಕೊಂಡ ಆ ಇಬ್ಬರು ಮೇಜು ನೋಡಿಯೇ ಓಣಿ ಬಿಟ್ಟರು. ಉಳಿದವರೆಲ್ಲ ಸೇರಿ ಅದನ್ನು ಹೊರಗೆ ತಂದು ಬೇವಿನ ಮರದ ಕೆಳಗೆ, ಸಿಮೆಂಟ್ ರಸ್ತೆಯ ಅಂಚಿಗೆ ಇಟ್ಟರು. ಮೇಲೆ ಲ್ಯಾಪ್‌ಟಾಪು, ಎದುರಿಗೆ ಕುರ್ಚಿ, ಕುರ್ಚಿಯಲ್ಲಿ ಭೀಮಶಿ. ಬಾಷಾಸಾಬ ಮರಕ್ಕೆ ಎರಡು ಧ್ವನಿವರ್ಧಕ ಕಟ್ಟಿದ.

ಆಗ ಇನ್ನೊಂದು ತೊಡಕು ಎದುರಾಯಿತು. ಮಡಿವಾಳೆಪ್ಪ ಎದೆಯುಬ್ಬಿಸಿ, ಬಾಯಿ ತೆರೆದು, ಮತ್ತೆ ಮುಚ್ಚಿದ.

"ದನಿ ಏಳವಲ್ದು."

"ಯಾಕೋ ಕಾಕಾ?"

"ನೊಗ ಕಾಣದ ಕೂಗಿ ರೂಢಿಲ್ಲ. ಈ ಹುಡುಗನ ಮಾರಿ ನೋಡಿದ್ರ ಆಕಳಿಕಿ ಬರತೈತಿ."

ಆದ್ದರಿಂದ ಅವನ ಎತ್ತುಗಳು ಬಂದವು. ಮೈಲಾರಿ ಮತ್ತು ಸರ್ಜಾ. ಸುತ್ತಲಿನ ಏಳು ತಾಲೂಕಿನಲ್ಲಿ ಅವುಗಳ ಸರಿಸಮ ಜೋಡಿ ಇಲ್ಲ. ಹುಟ್ಟಿದಂದಿನಿಂದ ಮಡಿವಾಳೆಪ್ಪನ ಒಂದು ಕೂಗನ್ನೂ ಅವು ಮೀರಿದವಲ್ಲ. ನೊಗ ಹೊತ್ತು ಬಂದು, ಭೀಮಶಿಯ ಮೇಜಿಗೆ ಬೆನ್ನು ಮಾಡಿ, ಬಸ್‌ಸ್ಟ್ಯಾಂಡಿನ ಕಡೆ ಮುಖ ಹಾಕಿ ನಿಂತವು. ಹಾಗೇ ನಿಲ್ಲಿಸಿದರೆ ಯಾರದಾದರೂ ಹೊಲಕ್ಕೆ ನುಗ್ಗಿಯಾವೆಂದು ಮಡಿವಾಳೆಪ್ಪ ನೊಗದ ಹಗ್ಗವನ್ನು ಕಟ್ಟಲು ಗೂಟ ಹುಡುಕಿದ. ಸಿಮೆಂಟ್ ರಸ್ತೆಯಲ್ಲಿ ಗೂಟ ಎಲ್ಲಿಂದ ಬರಬೇಕು? ಹತ್ತಿರದಲ್ಲಿ, ಏನು ಮಾಡಿದರೂ ಕದಲದ ವಸ್ತು ಒಂದೇ ಇತ್ತು. ಮೇಜಿನ ಕಾಲಿಗೆ ಕಟ್ಟಿದ.

"ಕಾಕಾ, ನಾ ಒಂದ್ ಮಾತ್ ಹೇಳ್ತೇನಿ, ಸಿಟ್ಟಾಗಬ್ಯಾಡ," ಎಂದ ಭೀಮಶಿ. "ಈ ಕೂಗು ಮನುಷ್ಯಾರಿಗೆ ತಾಕೂದಿಲ್ಲ. ನಾ ಬರಿಯಾಕ ಹೊಂಟಿದ್ದ ಅದನ್ನ."

"ಯಾವ ಮಗ ಹೇಳಿದ ಹಂಗಂತ?"

"ನೀನ ಹೇಳೀದಿ. ರೆಕಾರ್ಡ್ ಐತಿ. ‘ಜನ್ಮೆಲ್ಲಾ ನನ್ನ ಹೇಣ್ತಿ ಮುಂದ ಕೂಗೀನಿ, ಒಂದ್ ದಿನ ಕದಲಿಲ್ಲ’ ಅಂದಿ. ಅದರ ಮ್ಯಾಲ ನನ್ನ ಸಮಾರೋಪ ನಿಂತೈತಿ."

ಗುಂಪಿನ ಮುಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದ ಮಡಿವಾಳೆಪ್ಪನ ಹೆಂಡತಿ ನಂದಾ ಈ ಮಾತಿಗೂ ಕದಲಲಿಲ್ಲ.

"ಅಕೀ ಮಾತು ಬ್ಯಾರೆ," ಎಂದ ಮಡಿವಾಳೆಪ್ಪ, ದನಿ ತಗ್ಗಿಸಿ. "ಬಂಡಿ ಬ್ಯಾರೆ, ಗುಡ್ಡ ಬ್ಯಾರೆ. ನೀ ಬೆರಳ ಇಡು."

ಆಮೇಲೆ ಅವನು ಮೊದಲ ಕೂಗು ಹಾಕಿದ.

ತೆರಬಂಡಿಯ ಕೂಗು ಮೂರು ಬಗೆ. ಇದನ್ನು ಲೋಕಕ್ಕೆ ತಿಳಿಸಿದವನು ಭೀಮಶಿಯೇ. ಮೂರನೆಯ ಅಧ್ಯಾಯ ಪೂರ್ತಿ ಅದೇ. ಮೊದಲನೆಯದು ಎಬ್ಬಿಸುವ ಕೂಗು: ಮಲಗಿದ ಎತ್ತು ಏಳುತ್ತದೆ. ಎರಡನೆಯದು ಬಿಗಿಯುವ ಕೂಗು: ಎತ್ತು ಒಂದು ಹೆಜ್ಜೆ ಮುಂದಿಟ್ಟು ಹಗ್ಗ ಬಿಗಿ ಮಾಡಿಕೊಳ್ಳುತ್ತದೆ. ಮೂರನೆಯದು ಕಡೆಯ ಕೂಗು. ಅದನ್ನು ಕೇಳಿದ ಎತ್ತು ಎದುರಿಗೆ ಬಾವಿಯಿದ್ದರೂ ನಿಲ್ಲುವುದಿಲ್ಲ.

ಎಬ್ಬಿಸುವ ಕೂಗಿಗೆ ಬೇವಿನ ಮರದ ಕಾಗೆಗಳೆಲ್ಲ ಹಾರಿ ಮುಂದಿನ ಊರಿಗೆ ಹೋದವು. ಭೀಮಶಿ ಕುರ್ಚಿಯಿಂದ ಮೊಳ ಎತ್ತರಕ್ಕೆ ನೆಗೆದ. ಕೆಳಗೆ ಬೀಳುವಾಗ ಹತ್ತೂ ಬೆರಳು ಕೀಲಿಮಣೆಯ ಮೇಲೆ ಬಿದ್ದವು. ನೋಡಿದರೆ, ಪರದೆಯ ಮೇಲೆ ಒಂದು ವಾಕ್ಯ ನಿಂತಿತ್ತು. ಪೂರ್ಣವಿರಾಮ ಸಮೇತ. ಎಷ್ಟೋ ವರ್ಷದ ಮೇಲೆ ಹುಟ್ಟಿದ ಆ ವಾಕ್ಯವನ್ನು ಅವನು ಮೊದಲ ಮೊಮ್ಮಗನನ್ನು ಕಂಡವನಂತೆ ನೋಡಿದ. ಇದು ಕೇವಲ ಕಾಕತಾಳೀಯ ಎಂದು ವಿದ್ವಾಂಸನಾಗಿ ತೀರ್ಮಾನಿಸಿದ.

"ನೋಡ್ರಪಾ ನೋಡ್ರಿ!" ಧ್ವನಿವರ್ಧಕದಲ್ಲಿ ಬಾಷಾಸಾಬ ಶುರು ಮಾಡಿದ. "ಮಲ್ಲಕ್ಕನ ಮಗ ಭೀಮಶಿ ಒಂದನೇ ವಾಕ್ಯ ದಾಟ್ಯಾನ! ಎರಡನೇದಕ್ಕ ಬಾಯಿ ಹಾಕ್ಯಾನ! ತಲಿ ಕೆರಕೊಳ್ಳಾಕತ್ತಾನ... ಆ ಕಡೆ ಈ ಕಡೆ ನೋಡಾಕತ್ತಾನ... ಚಾ ಬೇಕು ಅನ್ನಾಕತ್ತಾನ. ಯಾರೂ ಕೊಡಬ್ಯಾಡ್ರಿ! ಚಾ ಕುಡದಂದ್ರ ಮೊಬೈಲ್ ತಗೀತಾನ!"

ಮೊಬೈಲು ಆಗಲೇ ಮಲ್ಲಕ್ಕನ ಸೆರಗಿನ ಗಂಟಿನಲ್ಲಿತ್ತು.

ಸುದ್ದಿ ಹಬ್ಬಿತು. ಸಂತೆಗೆ ಬಂದವರು ಮೆಣಸಿನಕಾಯಿ ಚೀಲ ಅಲ್ಲೇ ಬಿಟ್ಟು ಬಂದರು. ದಾರಿಯಲ್ಲಿ ಹೋಗುತ್ತಿದ್ದ ಬಸ್ಸು ನಿಂತಿತು, ಚಾಲಕ ಇಳಿದು ಬಂದು, "ಎಷ್ಟನೇ ಪುಟ?" ಎಂದು ಕೇಳಿದ. ಭೀಮಶಿ ನಿಂತಾಗಲೆಲ್ಲ ಹೊಳೆಯಪ್ಪ ಹಲಗೆಯನ್ನು ಅವನ ಬಲಗಿವಿಯ ಪಕ್ಕಕ್ಕೆ ತಂದು ಬಾರಿಸಿದ. ಮುತ್ತೈದೆಯರು ನೀರು ಚಿಮುಕಿಸಿದರು. ಯಾರೋ ಭಂಡಾರ ಎರಚಿದರು. ಎಣ್ಣೆಯ ಮೈಗೆ ಅದು ಹತ್ತಿಕೊಂಡು ಭೀಮಶಿ ಅರಿಸಿನದ ಕೊಂಬಿನಂತಾದ. ಅರಿಸಿನದ ಕೊಂಬು ಬರೆಯುತ್ತಲೇ ಇತ್ತು. ಪುಟ ಉರುಳಿದವು. "ಇದಲ್ಲದೆ" ಎಂಬ ಶಬ್ದ ಬಂದಾಗ ಜನ ಚಪ್ಪಾಳೆ ತಟ್ಟಿದರು. "ಆದಾಗ್ಯೂ" ಬಂದಾಗ ಬಾಷಾಸಾಬ, "ಹಿಂದಕ್ಕ ಹೊಂಟಾನ, ಹಿಂದಕ್ಕ ಹೊಂಟಾನ!" ಎಂದು ಚೀರಿದ, ಮುದುಕರು ಎದೆ ಹಿಡಿದುಕೊಂಡರು.

ಮಧ್ಯಾಹ್ನ ಇಳಿಯುವಾಗ ಭೀಮಶಿ ಮತ್ತೆ ತಡವರಿಸಿದ. ಮಡಿವಾಳೆಪ್ಪ ಬಿಗಿಯುವ ಕೂಗು ಹಾಕಿದ. ಭೀಮಶಿಗೆ ಒಂದೇ ಉಸಿರಿಗೆ ಉದ್ದನೆಯ ಒಂದು ಪ್ಯಾರಾ ಬಂತು. ಅತ್ತ ಮೈಲಾರಿ ಮತ್ತು ಸರ್ಜಾ ಒಂದು ಹೆಜ್ಜೆ ಮುಂದಿಟ್ಟವು; ಮೇಜಿನ ಕಾಲಿನ ಹಗ್ಗ ತಂತಿಯಂತೆ ಬಿಗಿಯಿತು. ಜನರೆಲ್ಲ ಪರದೆ ನೋಡುತ್ತಿದ್ದರು. ಹಗ್ಗ ನೋಡಿದವರಿಲ್ಲ.

ಮುಂದೆ ಏನಾಗುವುದೆಂದು ಈ ಭೂಮಿಯ ಮೇಲೆ ಕರಾರುವಾಕ್ಕಾಗಿ ಹೇಳಬಲ್ಲವನು ಒಬ್ಬನೇ ಇದ್ದ. ಅವನು ಅದರ ಬಗ್ಗೆ ಇಡೀ ಅಧ್ಯಾಯ ಬರೆದಿದ್ದ. ಆದರೆ ಆ ಗಳಿಗೆಯಲ್ಲಿ ಅವನು ಜೀವಮಾನದಲ್ಲಿ ಮೊದಲ ಸಲ ಬರವಣಿಗೆಯಲ್ಲಿ ಮುಳುಗಿ ಹೋಗಿದ್ದ.

ಐದಕ್ಕೆ ಸ್ವಲ್ಪವೇ ಮೊದಲು ಉಳಿದದ್ದು ಒಂದೇ ಪ್ಯಾರಾ. ಭೀಮಶಿಯ ಬೆರಳು ನಿಂತವು. ಭರಮಪ್ಪ ಮಾವ ಮನೆಯೊಳಗೆ ಹೋಗಿ ಮೊಳೆಯಿಂದ ಚಾವಿ ತೆಗೆದು ಜೇಬಿಗೆ ಹಾಕಿಕೊಂಡು ಬಂದ.

"ಮುಗೀತು ಅಳಿಯಾ. ಚೊಲೋ ಎಳದಿ. ಏಳು, ಯೂರಿಯಾ ಕಾಯಾಕತ್ತೈತಿ."

"ಯಾರಲೇ ಮುಗೀತು ಅಂದಾಂವಾ!" ಮಡಿವಾಳೆಪ್ಪ ತಲೆಯ ಪಟಗ ಬಿಚ್ಚಿ ಬಿಗಿಯಾಗಿ ಸುತ್ತಿದ, ಕಚ್ಚೆ ಏರಿಸಿದ, ಕಿವಿಯ ಮೇಲೆ ಕೈಯಿಟ್ಟ. ಕಡೆಯ ಕೂಗು ಹಾಕಿದ.

ಆ ಕೂಗನ್ನು ಬರೆದು ತೋರಿಸುವ ಲಿಪಿ ಇನ್ನೂ ಹುಟ್ಟಿಲ್ಲ. ಮನೆಗಳ ಹೆಂಚು ಅಲುಗಾಡಿದವು. ಹುಬ್ಬಳ್ಳಿ ಕಡೆ ಹೊರಟಿದ್ದ ರೈಲು, ತನಗೇ ಹೇಳಿದ್ದೆಂದು ತಿಳಿದು, ಹೊತ್ತಿಗೆ ಮೊದಲೇ ಊರು ಮುಟ್ಟಿತು. ಇತ್ತ ಮೈಲಾರಿ ಮತ್ತು ಸರ್ಜಾ, ಹುಟ್ಟಿದಂದಿನಿಂದ ಒಂದು ಕೂಗನ್ನೂ ಮೀರದ ಆ ಜೋಡಿ, ಮೊಣಕಾಲು ಬಗ್ಗಿಸಿ, ಕೊರಳು ನೀಡಿ, ಹೊರಟೇಬಿಟ್ಟಿತು.

ಹಗ್ಗದ ಹಿಂದೆ ಮೇಜು ಹೊರಟಿತು. ಮೇಜಿನ ಮೇಲೆ ಅಧ್ಯಾಯ ಹೊರಟಿತು. ಅಧ್ಯಾಯದ ಹಿಂದೆ ಭೀಮಶಿ ಕುರ್ಚಿ ಬಿಟ್ಟು ಓಡಿದ. ಗಾಲಿಯಿಲ್ಲದ ಸಾಗವಾನಿ ಮೇಜಿಗಿಂತ ಒಳ್ಳೆಯ ತೆರಬಂಡಿಯನ್ನು ಯಾವ ಬಡಗಿಯೂ ಮಾಡಿಲ್ಲ. ಅದರ ನಾಲ್ಕು ಕಾಲೂ ಸಿಮೆಂಟ್ ರಸ್ತೆಗೆ ತಿಕ್ಕಿ ಕಿಡಿ ಕಾರಿದವು.

"ಅಳಿಸಿ ಹೋದೀತೋ!" ಎಂದು ಅರಚಿ ಭೀಮಶಿ ಮೇಜಿನ ಮೇಲೆ ಹಾರಿ ಕುಳಿತ. ಎಣ್ಣೆಗೆ ಜಾರಿ ಆ ಅಂಚಿನವರೆಗೆ ಹೋಗಿ, ತಿರುಗಿ ಬಂದು, ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎತ್ತಿಕೊಂಡು ಪದ್ಮಾಸನ ಹಾಕಿದ.

"ಬರೀ ಭೀಮಶೀ, ಬರೀ!" ಎಂದಿತು ಸಂಶಿ, ಒಂದೇ ಗಂಟಲಲ್ಲಿ.

ಮೇಜಿನ ಬಾಜೂ ಬಾಜೂ ಮಡಿವಾಳೆಪ್ಪ ಓಡಿದ, ಕೂಗುತ್ತ. ಹೊಳೆಯಪ್ಪ ಓಡಿದ, ಬಾರಿಸುತ್ತ. ಬಾಷಾಸಾಬ ವೈರು ಇದ್ದಷ್ಟು ದೂರ ಮೈಕಿನಲ್ಲಿ, ಆಮೇಲೆ ಬರಿಯ ಬಾಯಿಯಲ್ಲಿ ವರ್ಣಿಸುತ್ತ ಓಡಿದ: "ಹಿಟ್ಟಿನ ಗಿರಣಿ ದಾಟ್ಯಾನ! ಉಪಸಂಹಾರದ ಮಾತು ಬರ್ಯಾಕತ್ತಾನ! ಗುಡಿ ಮುಂದ ಬಂದಾನ! ಕೈ ಮುಗದಾನ, ಒಂದ ಕೈಲೆ! ಇನ್ನೊಂದ ಕೈ ಬರ್ಯಾಕತ್ತೈತಿ!"

ಸುಳ್ಳಲ್ಲ, ಬರೆಯುತ್ತಿದ್ದ. ಮೈಯೆಲ್ಲ ಅಲುಗಾಡುತ್ತಿದ್ದರೂ ವಾಕ್ಯಗಳು ನೆಟ್ಟಗೆ ಬರುತ್ತಿದ್ದವು. ತಡೆಯಲು ಹೋದವರು ದಾರಿ ಬಿಟ್ಟು ಗಟಾರಕ್ಕೆ ಹಾರಿದರು. ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಮೇಜು ಅರ್ಧ ಸುತ್ತು ಹೊಡೆದಾಗ ಭೀಮಶಿ ಕಡೆಯ ವಾಕ್ಯದ ಕಡೆಯ ಶಬ್ದ ಹೊಡೆದ. ಹೊಡೆದು, ಪೂರ್ಣವಿರಾಮ ಇಟ್ಟ.

ಅಲ್ಲಿ ಕಾರಿಗೆ ಒರಗಿ ನಾಗರತ್ನಾ ಮೇಡಂ ನಿಂತಿದ್ದರು. ಅವರ ಕಾಲಿನಿಂದ ಗೇಣು ದೂರದಲ್ಲಿ, ಬಾವಿಗೂ ನಿಲ್ಲದ ಎತ್ತುಗಳು ತಾವಾಗಿಯೇ ನಿಂತವು. ಹಿಂದೆ ಮೇಜು ನಿಂತಿತು. ಮೇಜಿನ ಮೇಲಿನ ಹಳದಿ ಆಕೃತಿ ಎರಡೂ ಕೈಯಿಂದ ಲ್ಯಾಪ್‌ಟಾಪು ಚಾಚಿತು.

"ಆತ್ರಿ ಮೇ... ಡಂ..."

ಮೇಡಂ ಕೈಗಡಿಯಾರ ನೋಡಿದರು. ಸರಿಯಾಗಿ ಐದು. ಕನ್ನಡಕ ಹಾಕಿಕೊಂಡು ನಿಂತಲ್ಲೇ ಓದತೊಡಗಿದರು. ಅಷ್ಟು ಹೊತ್ತಿಗೆ ಊರೆಲ್ಲ ಬಂದು ಸುತ್ತುವರಿಯಿತು. ಮೇಡಂ ಒಂದು ಕಡೆ ತಲೆದೂಗಿದರು; ಮಲ್ಲಕ್ಕನ ಕಣ್ಣಲ್ಲಿ ನೀರು ಬಂತು. ಕಡೆಯ ವಾಕ್ಯವನ್ನು ಅವರು ಎಲ್ಲರಿಗೂ ಕೇಳುವಂತೆ ಓದಿದರು:

"‘ಆದ್ದರಿಂದ, ಈ ಕೂಗುಗಳಿಂದ ಮನುಷ್ಯನು ಕಿಂಚಿತ್ತೂ ಕದಲುವುದಿಲ್ಲವೆಂದು ನಿಸ್ಸಂಶಯವಾಗಿ ಸಿದ್ಧವಾಗುತ್ತದೆ.’"

ಓದಿ ಕನ್ನಡಕ ತೆಗೆದರು. ಮೇಜು ನೋಡಿದರು. ಓಣಿಯುದ್ದಕ್ಕೂ ಬಿದ್ದ ನಾಲ್ಕು ಗೆರೆ ನೋಡಿದರು. ಹಲಗೆ ನೋಡಿದರು.

"ಚೊಲೋ ಬರದೀರಿ. ಇಷ್ಟ್ ಚೊಲೋ ನೀವು ಎಂದೂ ಬರದಿಲ್ಲ. ಯಾವಾಗ ಬರದ್ರಿ?"

"ಇವತ್ತ್ರಿ."

"ಇಷ್ಟ್ ವರ್ಷ ಆಗಲಾರದ್ದು ಇವತ್ತ ಹೆಂಗಾತ್ರಿ?"

ಭೀಮಶಿಗೆ ಅಪಾಯದ ವಾಸನೆ ಹೊಡೆಯಿತು. "ಅದು... ಸ್ಫೂರ್ತಿ ಬಂತ್ರಿ ಮೇಡಂ. ಒಳಗಿನಿಂದ."

"ಒಳಗಿಂದಲ್ರಿ!" ಎಂದು ಮಡಿವಾಳೆಪ್ಪ ಮುಂದೆ ನುಗ್ಗಿದ. "ನನ್ನ ಗಂಟಲಿಂದ ಬಂದದ್ದು. ಒಂದನೇ ಕೂಗಿಗೆ ಎದ್ದಾನ, ಎರಡನೇದಕ್ಕ ಬಿಗದಾನ, ಮೂರನೇದಕ್ಕ ಇಲ್ಲಿ ಬಂದ್ ಮುಟ್ಯಾನ. ಎತ್ತಿಗಿಂತ ಚೊಲೋ ಎಳದಾನ್ರಿ, ಸುಳ್ಳ್ಯಾಕ ಹೇಳ್ಲಿ?"

"ಹೌದ್ರಿ, ಹೌದ್ರಿ!" ಎಂದಿತು ಊರು. ಸಾಕ್ಷಿಗೆ ಎಲ್ಲರೂ ತಮ್ಮ ತಮ್ಮ ಮೊಬೈಲಿನ ವಿಡಿಯೋ ಎತ್ತಿ ತೋರಿಸಿದರು.

"ಕಾಕಾ, ಸುಮ್ಮಕಿರೋ," ಎಂದ ಭೀಮಶಿ, ಮಡಿವಾಳೆಪ್ಪನಿಗೆ ಮಾತ್ರ ಕೇಳುವಂತೆ. ಮಡಿವಾಳೆಪ್ಪ ಜೀವಮಾನದಲ್ಲಿ ಸುಮ್ಮನಿದ್ದವನಲ್ಲ.

"ಅಂದ ಮ್ಯಾಲ," ಎಂದರು ಮೇಡಂ ನಿಧಾನಕ್ಕೆ, "ಮನುಷ್ಯಾ ಕದಲೂದಿಲ್ಲ ಅನ್ನೂದನ್ನ ನೀವು ಬರದದ್ದು, ಕೂಗಿಗೆ ಕದಲೀನ."

ಭೀಮಶಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಲು ಕೈ ಚಾಚಿದ.

"ಈ ಕಡೀ ವಾಕ್ಯ ಸುಳ್ಳು. ಅದು ಸುಳ್ಳು ಅನ್ನೂದಕ್ಕ ಈ ಅಧ್ಯಾಯನ ಪುರಾವೆ. ಇದರ ಮ್ಯಾಲ ನಾ ಹೆಂಗ ಸಹಿ ಹಾಕ್ಲಿ?" ಮೇಡಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ, ಹೊಲ ಉಳುವಾಗ ಹೊನ್ನಿನ ಕೊಡ ಸಿಕ್ಕವರ ಕಳೆಯಿತ್ತು. "ಎಲ್ಲಾರೂ ಕದಲ್ತಾರೇನು ಇದಕ್ಕ?"

"ನಾ ಕದಲೂದಿಲ್ಲ," ಎಂದಳು ನಂದಾ, ಗುಂಪಿನ ನಡುವಿನಿಂದ, ಕೈ ಕಟ್ಟಿಕೊಂಡೇ.

"ನೋಡ್ರಿ! ಒಬ್ಬರು ಕದಲ್ತಾರ, ಒಬ್ಬರು ಕದಲಂಗಿಲ್ಲ. ಯಾಕ? ಇದು ವಿಷಯ! ಇದು ಪಿಎಚ್.ಡಿ.! ಭೀಮಶಿ ಅವರ, ಹಳೇ ನೋಂದಣಿ ಹೋಗಲಿ ಬಿಡ್ರಿ. ನಾಳೆನ ಹೊಸದು ಮಾಡಿಸ್ತೇನಿ. ಒಂದನೇ ಅಧ್ಯಾಯದಿಂದ ಶುರು ಮಾಡ್ರಿ."

"ಪ್ರಯೋಗಕ್ಕ ಮನುಷ್ಯಾ ಎಲ್ಲಿ ಸಿಗತಾನ್ರಿ ಮೇಡಂ?" ಎಂದು ಭೀಮಶಿ ಕಡೆಯ ಹುಲ್ಲುಕಡ್ಡಿ ಹಿಡಿದ.

"ನೀವ ಇದ್ದೀರಲ್ಲ."

ಮೇಡಂ ಚೀಲದಿಂದ ಒಂದು ಹಾಳೆ ತೆಗೆದು, ಅದೇ ಮೇಜಿನ ಮೇಲೆ ಊರಿ, ಹೊಸ ವಿಷಯದ ಅರ್ಜಿ ಬರೆದು ಕೆಳಗೆ ದೊಡ್ಡದಾಗಿ ಸಹಿ ಹಾಕಿದರು. ಜನ ಕೇಕೆ ಹಾಕಿದರು. ಕಾರು ಧೂಳೆಬ್ಬಿಸಿ ಧಾರವಾಡದ ಕಡೆ ಹೋಯಿತು.

ಭೀಮಶಿ ಆ ಧೂಳು ಇಳಿಯುವವರೆಗೆ ನೋಡಿದ. ಆಮೇಲೆ ತಿರುಗಿ, ಕೈ ಚಾಚಿದ.

"ಮಾವಾ, ಚಾವಿ ಕೊಡು. ಯೂರಿಯಾ ವಾಸನಿ ಅಷ್ಟೇನ್ ಕೆಟ್ಟದ್ದಿಲ್ಲ."

ಭರಮಪ್ಪ ಮಾವ ಜೇಬಿಗೆ ಕೈ ಹಾಕಿದ. ಒಮ್ಮೆ ಅಳಿಯನನ್ನು ನೋಡಿದ, ಒಮ್ಮೆ ಸುತ್ತ ನಿಂತ ಸಂಶಿಯನ್ನು ನೋಡಿದ. ಚಾವಿಯನ್ನು ಇನ್ನೂ ಒಳಜೇಬಿಗೆ ಇಳಿಸಿದ.

"ಅದೆಂಗ ಆಕ್ಕೈತಿ ಅಳಿಯಾ? ನಾ ಏನಂದಿದ್ದೆ? ಮೇಡಮ್ಮನ ಸಹಿ ಬೀಳಲಿಲ್ಲ ಅಂದ್ರ ಅಂಗಡಿ ಅಂದಿದ್ದೆ. ಸಹಿ ಬಿತ್ತಲ್ಲ. ನಾ ಮಾತಿಗೆ ತಪ್ಪಾಂವಲ್ಲ."

"ಅದು ಹೊಸಾ ಅರ್ಜಿ ಮ್ಯಾಲ ಬಿದ್ದದ್ದು ಮಾವಾ!"

"ಎದರ ಮ್ಯಾಲರ ಬೀಳವಲ್ದ್ಯಾಕ. ಸಹಿ ಸಹಿನ."

ಮಲ್ಲಕ್ಕ ಮಗನ ಹಣೆಯ ಭಂಡಾರ ಒರೆಸಿ, "ಹುರಳಿ ಇನ್ನೂ ಉಳದಾವ ತಮ್ಮಾ, ತರ್ಲೇನು?" ಎಂದು ಕೇಳಿದಳು. ಬಾಷಾಸಾಬ ಕಳಚಿಹೋದ ವೈರು ಸುತ್ತತೊಡಗಿದ. ಆ ಕಡೆ, ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ, ಹೊಳೆಯಪ್ಪ ಒಣಹುಲ್ಲಿಗೆ ಕಡ್ಡಿ ಗೀರಿ ಹಲಗೆ ಕಾಯಿಸಲು ಕೂತ. ಇಷ್ಟು ಹೊತ್ತು ಬಾರಿಸಿ ಚರ್ಮ ಸಡಿಲಾಗಿತ್ತು.

"ಒಂದನೇ ಅಧ್ಯಾಯ ಅಂದ್ರಲ್ಲ," ಎಂದ ಮಡಿವಾಳೆಪ್ಪ, ಪಟಗವನ್ನು ಮತ್ತೆ ಬಿಚ್ಚುತ್ತ. "ಇನ್ನೂ ಬೆಳಕೈತಿ. ಶುರು ಮಾಡೂಣು."

ಭೀಮಶಿ ಮೇಜಿನಿಂದ ಇಳಿದು, ಓಡಲು ದಾರಿ ಇದೆಯೇ ಎಂದು ನಾಲ್ಕೂ ಕಡೆ ನೋಡಿದ. ನಾಲ್ಕೂ ಕಡೆ ಊರಿತ್ತು. ಎದುರಿಗೆ ಮಾತ್ರ ಮೈಲಾರಿ ಮತ್ತು ಸರ್ಜಾ ನಿಂತಿದ್ದವು. ಎರಡೂ ಅವನನ್ನು ಬಹಳ ಹೊತ್ತು, ಬಹಳ ಸಮಾಧಾನದಿಂದ ನೋಡಿದವು.

ಆಮೇಲೆ ಎಡಗಡೆಯ ಎತ್ತು ಸ್ವಲ್ಪ ಸರಿದು ನೊಗದಡಿ ಅವನಿಗೆ ಜಾಗ ಮಾಡಿಕೊಟ್ಟಿತು.